ಪ್ರಿಂಟರಿನ ನೆನಪು: ಬಿಚ್ಚುವ ಮುನ್ನ ಎಣಿಸಿರಿ

ಸಿಂಧನೂರಿನಲ್ಲಾಗಲಿ ಲಿಂಗಸುಗೂರಿನಲ್ಲಾಗಲಿ ಝೆರಾಕ್ಸ್ ಅಂಗಡಿಗಳ ಮೂಲೆಯಲ್ಲಿ ಹಳೆಯ ಲೇಸರ್ ಪ್ರಿಂಟರುಗಳು ಧೂಳು ಹಿಡಿದು ಕುಳಿತಿರುವುದನ್ನು ವಾಚಕರು ಕಂಡಿರಬಹುದು. ಕೇಳಿದರೆ, “ಅದು ಕೆಟ್ಟೈತ್ರಿ ಸರ, ಗುಜರಿಗೆ ಹಾಕೂದು” ಎಂಬ ಉತ್ತರ ಬರುತ್ತದೆ. ಇವುಗಳಲ್ಲಿ ಕೆಲವು ಕೆಟ್ಟೇ ಇಲ್ಲವೆಂದೂ, ಪರೀಕ್ಷಿಸದೆಯೇ ಅವುಗಳಿಗೆ ಮರಣಶಾಸನ ಬರೆಯಲಾಗಿದೆಯೆಂದೂ ನನ್ನ ಅಭಿಪ್ರಾಯ.

ನಮ್ಮ ಕಾಲೇಜಿನ ಕಛೇರಿಯಲ್ಲಿ ಇಂಥದೇ ಒಂದು ಯಂತ್ರವಿದೆ. ಇಂಗ್ಲಿಷ್ ಪತ್ರಗಳನ್ನು ಸ್ವಚ್ಛವಾಗಿ ಅಚ್ಚು ಮಾಡುತ್ತಿದ್ದ ಅದು, ಪರೀಕ್ಷೆಯ ಮುನ್ನಾದಿನ ಕನ್ನಡದ ಭೌತವಿಜ್ಞಾನ ಪ್ರಶ್ನಪತ್ರಿಕೆಯನ್ನು ಅರ್ಧ ಪುಟಕ್ಕೇ ನಿಲ್ಲಿಸಿ ಮೆಮೊರಿ ಸಾಲದೆಂದು ಸೂಚಿಸಿತು. ಹಳೆಯ ಸಾಮಾನಿನ ಅಂಗಡಿಯಿಂದ ೧೬ ಮೆಗಾಬೈಟಿನ ರ್‍ಯಾಮ್ ಫಲಕವೊಂದನ್ನು ತರಿಸಿ ಸಿಕ್ಕಿಸಿದರು. ಫಲ ಅದೇ ಅರ್ಧ ಪುಟ. ನೋಡಲು ಬಂದ ಕುಶಲಕರ್ಮಿಯು ಒಳಗಿನ ಮುಖ್ಯ ಫಲಕವೇ ಹೋಗಿದೆಯೆಂದು ತೀರ್ಪಿತ್ತನು. ಹೊಸ ಯಂತ್ರದ ಬೇಡಿಕೆಪತ್ರಕ್ಕೆ ಪ್ರಾಚಾರ್ಯರು ಸಹಿ ಹಾಕುವುದರಲ್ಲಿದ್ದರು. ಒಂದು ಸಂಜೆಯ ಅವಕಾಶವನ್ನು ನಾನು ಬೇಡಿಕೊಂಡೆ.

ಮೊದಲು ಬೇಕಾದುದು ತಿರುಪುಳಿಯಲ್ಲ, ಪೆನ್ಸಿಲು. ಎ೪ ಹಾಳೆಯ ಅಗಲ ೮.೨೭ ಅಂಗುಲ, ಉದ್ದ ೧೧.೬೯ ಅಂಗುಲ. ಅಂಗುಲಕ್ಕೆ ೬೦೦ ಚುಕ್ಕೆಗಳಂತೆ ಗುಣಿಸಿದರೆ ಒಂದು ಪುಟದಲ್ಲಿ ಸುಮಾರು ೩ ಕೋಟಿ ೪೮ ಲಕ್ಷ ಚುಕ್ಕೆಗಳು. ಪ್ರತಿ ಚುಕ್ಕೆಯೂ ಕಪ್ಪೋ ಬಿಳಿಯೋ ಎಂದು ತಿಳಿಸಲು ಒಂದೊಂದು ಬಿಟ್ ಬೇಕು. ಎಂಟು ಬಿಟ್ಟುಗಳಿಗೆ ಒಂದು ಬೈಟಾದುದರಿಂದ ಪುಟಕ್ಕೆ ಸುಮಾರು ೪೩ ಲಕ್ಷ ೫೦ ಸಾವಿರ ಬೈಟುಗಳಾದುವು. ನಮ್ಮ ಯಂತ್ರದ ಮೂಲ ಸ್ಮೃತಿ ೪ ಮೆಗಾಬೈಟ್, ಅಂದರೆ ೪೧ ಲಕ್ಷ ೯೪ ಸಾವಿರ ಬೈಟು! ಕೊರತೆ ನಿಜವೆಂದು ಇಷ್ಟರಿಂದಲೇ ತಿಳಿಯಿತು. ಯಂತ್ರವು ಬಿಂಬವನ್ನು ಸಂಕೋಚಿಸಿ ಇಟ್ಟುಕೊಂಡು ಹೇಗೋ ಸಂಸಾರ ತೂಗಿಸುತ್ತಿತ್ತು. ಬಿಳಿಯ ಜಾಗ ಹೆಚ್ಚಿರುವ ಪುಟಕ್ಕೆ ಅದು ಸಾಕು, ಚಿತ್ರಗಳಿಂದ ತುಂಬಿದ ಪುಟಕ್ಕೆ ಸಾಲದು.

ಚೂರುಚೂರಾಗಿ ಅಚ್ಚು ಮಾಡಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಮಸಿ ಚಿಮ್ಮುವ ಪ್ರಿಂಟರು ಒಂದು ಸಾಲು ಬರೆದು ಮುಂದಿನದಕ್ಕೆ ಕಾಯಬಲ್ಲದು. ಲೇಸರ್ ಯಂತ್ರದ ಉರುಳೆಯಾದರೋ ಒಮ್ಮೆ ತಿರುಗತೊಡಗಿದ ಮೇಲೆ ಹಾಳೆ ಹೊರಬೀಳುವ ತನಕ ನಿಲ್ಲುವಂತಿಲ್ಲ. ಕಿರಣವು ಬಂದಾಗ ಚುಕ್ಕೆಗಳು ಸಿದ್ಧವಾಗಿರಲೇಬೇಕು.

ಇನ್ನು ಕನ್ನಡದ ಮಾತು. ಇಂಥ ಯಂತ್ರಗಳ ಹೊಟ್ಟೆಯಲ್ಲಿ ರೋಮನ್ ಅಕ್ಷರಗಳ ಆಕೃತಿಗಳನ್ನು ತಯಾರಕರು ಮೊದಲೇ ತುಂಬಿರುತ್ತಾರೆ. ಕನ್ನಡದ ಅಕ್ಷರಗಳಿಗೆ ಆ ಭಾಗ್ಯವಿಲ್ಲ. ಒತ್ತಕ್ಷರ, ಗುಣಿತಾಕ್ಷರಗಳ ಆಕೃತಿಗಳನ್ನೆಲ್ಲ ಕಂಪ್ಯೂಟರು ಪ್ರತಿಸಲವೂ ಕಳುಹಿಸಬೇಕು, ಇಲ್ಲವೇ ಪುಟವನ್ನೇ ಚಿತ್ರವಾಗಿ ಕಳುಹಿಸಬೇಕು. ಸ್ಮೃತಿಯ ಹೊರೆ ಹೆಚ್ಚುವುದು ಇಲ್ಲಿಯೇ. ಇಂಗ್ಲಿಷ್ ಬರುತ್ತದೆ, ಕನ್ನಡ ಬರುವುದಿಲ್ಲವೆಂದಾಗ ದೋಷವನ್ನು ನಮ್ಮ ಭಾಷೆಯ ತಲೆಗೆ ಕಟ್ಟುವವರಿಗೆ ಈ ಲೆಕ್ಕವನ್ನು ತೋರಿಸಬೇಕು.

ಈ ಸ್ಮೃತಿಯಾದರೂ ಎಂಥದು? ೧೯೬೬ರಲ್ಲಿ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ ಕಲ್ಪಿಸಿ ೧೯೬೮ರಲ್ಲಿ ಪೇಟೆಂಟ್ ಪಡೆದ ಕ್ರಮದಲ್ಲಿ, ಒಂದೊಂದು ಬಿಟ್ಟಿಗೆ ಒಂದು ಟ್ರಾನ್ಸಿಸ್ಟರು, ಒಂದು ಪುಟ್ಟ ಧಾರಕ. ಧಾರಕದ ಆವೇಶವು ಸೋರಿಹೋಗುವುದರಿಂದ, ಸಾಮಾನ್ಯವಾಗಿ ೬೪ ಮಿಲಿಸೆಕೆಂಡಿಗೊಮ್ಮೆ ಅದನ್ನು ಮತ್ತೆ ತುಂಬುತ್ತಿರಬೇಕು. ಗಣಿ ಎಂಜಿನಿಯರ್ ಬೀಡನ್ ೧೯೧೫ರಲ್ಲಿ ಗುರುತಿಸಿದ ಮಸ್ಕಿಯ ಬಂಡೆಯಾದರೋ ಅಶೋಕನ ಹೆಸರನ್ನು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಯಾವ ವಿದ್ಯುತ್ತಿನ ನೆರವೂ ಇಲ್ಲದೆ ಉಳಿಸಿಕೊಂಡಿದೆ. ಆದರೆ ಅದನ್ನು ಅಳಿಸಿ ನಾಳಿನ ಪ್ರಶ್ನಪತ್ರಿಕೆ ಬರೆಯುವಂತಿಲ್ಲವಷ್ಟೆ.

ಕೆಲಸಕ್ಕೆ ತೊಡಗಿದೆವು. ವಿದ್ಯುತ್ ತಂತಿಯನ್ನು ಕಿತ್ತು, ಕಾಗದವನ್ನು ಕಾಯಿಸುವ ಭಾಗ ಆರುವವರೆಗೆ ಕಾದೆವು. ಅದರ ಉಷ್ಣತೆ ೨೦೦ ಡಿಗ್ರಿಗೆ ಸಮೀಪವಿರುತ್ತದೆ. ಲೇಸರಿನ ಪೆಟ್ಟಿಗೆಯನ್ನಂತೂ ತೆರೆಯಲೇಬಾರದು. ಅದರ ಕಿರಣವು ಸಾಮಾನ್ಯವಾಗಿ ಕಣ್ಣಿಗೆ ಕಾಣದ ಅವಕೆಂಪು. ನಮ್ಮ ಕಡೆಯ ಒಣ ಬೇಸಗೆಯಲ್ಲಿ ಮೈಮೇಲೆ ಕೆಲವು ಸಾವಿರ ವೋಲ್ಟುಗಳ ಸ್ಥಿರವಿದ್ಯುತ್ತು ಶೇಖರವಾಗುವುದುಂಟು. ಆದುದರಿಂದ ಮೊದಲು ಲೋಹದ ಚೌಕಟ್ಟನ್ನು ಮುಟ್ಟಿ, ಫಲಕವನ್ನು ಅಂಚಿನಲ್ಲಿ ಹಿಡಿಯಬೇಕು.

ಹೊಸ ಫಲಕವನ್ನು ತೆಗೆದು ಯಂತ್ರದ ಪರೀಕ್ಷಾಪುಟವನ್ನು ಅಚ್ಚು ಮಾಡಿದಾಗ ೪ ಮೆಗಾಬೈಟ್ ಎಂದು ಬಂತು. ಫಲಕ ಹಾಕಿದ ಮೇಲೂ ೪! ಎಂದರೆ ಯಂತ್ರವು ಅದನ್ನು ಕಂಡೇ ಇರಲಿಲ್ಲ. ಜಾತಿ ತಪ್ಪಿದ್ದರೂ ಹೀಗಾಗುತ್ತದೆ. ಅನೇಕ ಪ್ರಿಂಟರುಗಳಿಗೆ ೧೦೦ ಹಲ್ಲುಗಳ ಫಲಕವೇ ಬೇಕು, ಹಳೆಯ ಕಂಪ್ಯೂಟರಿನ ೧೬೮ ಹಲ್ಲಿನದು ನಡೆಯದು. ನಮ್ಮದರ ಜಾತಿ ಸರಿಯಿತ್ತು. ಹಲ್ಲುಗಳ ಮೇಲೆ ಧೂಳಿತ್ತು, ಫಲಕ ಪೂರ್ತಿ ಕುಳಿತಿರಲಿಲ್ಲ. ಆ ಹಲ್ಲುಗಳಿಗೆ ಕಿಲುಬು ಹಿಡಿಯದಿರಲೆಂದು ಬಳಿಯುವುದು ಚಿನ್ನವನ್ನು, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಅಗೆಯುವ ಲೋಹವನ್ನೇ. ಅದನ್ನು ರಬ್ಬರಿನಿಂದ ಉಜ್ಜುವ ವಾಡಿಕೆ ನನಗೆ ಒಪ್ಪಿಗೆಯಿಲ್ಲ, ಲೇಪ ತೀರ ತೆಳು. ಒಣಬಟ್ಟೆಯಿಂದ ಒರಸಿ ಒತ್ತಿ ಕೂರಿಸಿದೆವು. ಪರೀಕ್ಷಾಪುಟ ೨೦ ಎಂದಿತು.

ಆದರೂ ಚಿತ್ರಗಳು ತುಂಡಾಗಿಯೇ ಬಂದುವು! ಅಂಗುಲಕ್ಕೆ ೩೦೦ ಚುಕ್ಕೆಗಳಿಗೆ ಇಳಿಸಿದೊಡನೆ ಪುಟ ಪೂರ್ತಿಯಾಯಿತು. ಬಿಂಬದ ಹೊರೆ ನಾಲ್ಕನೆಯ ಒಂದು ಪಾಲಾದಾಗ ಸರಿಹೋಗುವುದಾದರೆ ಮುಖ್ಯ ಫಲಕ ನಿರಪರಾಧಿ. ಉಳಿದದ್ದು ಕಂಪ್ಯೂಟರು. ಅದರ ಡ್ರೈವರಿನಲ್ಲಿ ಪ್ರಿಂಟರಿನ ಸ್ಮೃತಿ ಇನ್ನೂ ೪ ಎಂದೇ ನಮೂದಾಗಿತ್ತು. ೨೦ ಎಂದು ತಿದ್ದಿದ ಮೇಲೆ ೬೦೦ರಲ್ಲಿಯೂ ಪ್ರಶ್ನಪತ್ರಿಕೆ ಇಡಿಯಾಗಿ ಹೊರಬಿತ್ತು. ಎರಡು ದೋಷಗಳು ಜೊತೆಗೂಡಿದ್ದುದರಿಂದ, ಒಂದನ್ನಷ್ಟೇ ಸರಿಪಡಿಸಿದವನಿಗೆ ಎರಡೂ ಕಾಣದೆ ಹೋಗುತ್ತಿದ್ದುವು.

ಹಾಗೆಂದು ಎಲ್ಲ ಯಂತ್ರಗಳಿಗೂ ರ್‍ಯಾಮ್ ಕೊಳ್ಳಲು ಓಡಬಾರದು. ನಮ್ಮ ಪೇಟೆಗಳಲ್ಲಿ ಹೇರಳವಾಗಿದ್ದ ಎಚ್.ಪಿ. ಲೇಸರ್‌ಜೆಟ್ ೧೦೨೦, ಕ್ಯಾನನ್ ಎಲ್.ಬಿ.ಪಿ. ೨೯೦೦ ಮಾದರಿಗಳಲ್ಲಿ ಇರುವುದು ೨ ಮೆಗಾಬೈಟ್ ಮಾತ್ರ. ಪುಟವನ್ನು ರಚಿಸುವ ಶ್ರಮವೆಲ್ಲ ಕಂಪ್ಯೂಟರಿನದು. ಅವುಗಳ ಸ್ಮೃತಿಯನ್ನು ಹೆಚ್ಚಿಸಿಕೊಡುತ್ತೇನೆಂದು ಯಾರಾದರೂ ಹಣ ಕೇಳಿದರೆ ಕೊಡಕೂಡದು.

ಕಾಲೇಜುಗಳು ಹಳೆಯ ಪ್ರಿಂಟರುಗಳನ್ನು ಗುಜರಿಗೆ ತೂಗಿ ಕೊಡುವ ಮುನ್ನ ಒಂದು ವಾರ ಭೌತವಿಜ್ಞಾನ ಪ್ರಯೋಗಶಾಲೆಯ ಮೇಜಿನ ಮೇಲಿಡಲಿ ಎಂಬುದು ನನ್ನ ಸೂಚನೆ. ಧಾರಕದ ಪಾಠವನ್ನು ಕಪ್ಪು ಹಲಗೆಯ ಮೇಲೆ ನಾವು ವರ್ಷ ವರ್ಷವೂ ಬರೆದು ಅಳಿಸುತ್ತೇವೆ. ಆ ಸಂಜೆ ದೀಪ ಹಿಡಿದು ನಿಂತಿದ್ದ ದ್ವಿತೀಯ ವರ್ಷದ ಇಬ್ಬರು ಹುಡುಗಿಯರು ಮರುವಾರವೇ ಗ್ರಂಥಾಲಯದ ಮೂಲೆಯಲ್ಲಿದ್ದ ಇನ್ನೊಂದು ಯಂತ್ರದ ಪರೀಕ್ಷಾಪುಟವನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು.