ಮಂಚದಡಿಯ ರೈಲುಮಾರ್ಗ

ರೈಲಾಟ ಬೇಡವೆನ್ನುವ ಮಕ್ಕಳುಂಟೆ? ಆದರೆ ಹಳಿ, ನಿಲ್ದಾಣ, ಸುರಂಗಗಳುಳ್ಳ ಮಾದರಿ ರೈಲುಮಾರ್ಗ ಕಟ್ಟುವ ಮಾತೆತ್ತಿದೊಡನೆ ಹಿರಿಯರು ಕೇಳುವ ಮೊದಲ ಪ್ರಶ್ನೆ: ‘ಇಡೋದು ಎಲ್ಲಿ?’ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಈ ಪ್ರಶ್ನೆ ನ್ಯಾಯವಾದದ್ದೇ. ರಾತ್ರಿ ಹಾಸಿಗೆ ಹಾಸಲು ಜಾಗ ಬೇಕು, ಪರೀಕ್ಷೆ ಬಂದಾಗ ರೈಲು ಕಣ್ಣಿಗೆ ಬೀಳಬಾರದು. ಮಾರ್ಗವನ್ನು ತುಂಡುತುಂಡಾಗಿ ಕಟ್ಟುವುದೇ ಇದಕ್ಕೆ ಉಪಾಯ.

ಜಪಾನಿನಲ್ಲಿ ಹುಟ್ಟಿದ ‘ಟಿ-ಟ್ರ್ಯಾಕ್’ ಪದ್ಧತಿ ಇದಕ್ಕೆ ಹೇಳಿ ಮಾಡಿಸಿದ್ದು. ಇಲ್ಲಿ ಮಾರ್ಗದ ಪ್ರತಿ ತುಂಡೂ ಮೇಜಿನ ಮೇಲಿಡುವ ಒಂದು ಪುಟ್ಟ ಮರದ ಪೆಟ್ಟಿಗೆ. ಪೆಟ್ಟಿಗೆಯ ಉದ್ದ 308 ಮಿ.ಮೀ. ಅದರ ಮೇಲೆ ಕೂರುವ ಜೋಡಿಮಾರ್ಗದ ಉದ್ದ 310 ಮಿ.ಮೀ. ಹಳಿ ಎರಡೂ ತುದಿಗಳಲ್ಲಿ ಒಂದೊಂದು ಮಿ.ಮೀ. ಹೊರಚಾಚಿರುವುದರಿಂದ ಪೆಟ್ಟಿಗೆಗಳು ಒಂದಕ್ಕೊಂದು ತಾಗುವ ಮೊದಲೇ ಹಳಿಗಳು ಕೂಡಿಕೊಳ್ಳುತ್ತವೆ. ಬಡಗಿಯ ಗರಗಸ ಎರಡು ಮಿ.ಮೀ. ಆಚೆ ಸರಿದರೂ ಈ ಲೆಕ್ಕ ಕೆಟ್ಟಿತು! ಮೇಜು ಓರೆಯಾಗಿದ್ದರೆ ಪೆಟ್ಟಿಗೆಯ ತಳದ ನಾಲ್ಕು ತಿರುಪುಗಳನ್ನು ತಿರುಗಿಸಿ, ರಸಮಟ್ಟ ಹಿಡಿದು ಎತ್ತರ ಸರಿಮಾಡಿಕೊಳ್ಳಬಹುದು.

ಇನ್ನು ಗಣಿತ. ಇದು 1:160ರ ಪ್ರಮಾಣ. 21.3 ಮೀಟರ್ ಉದ್ದದ ಬೋಗಿ ಇಲ್ಲಿ 13.3 ಸೆಂ.ಮೀ. ಆಗುತ್ತದೆ, ಒಂದು ಕಿಲೋಮೀಟರ್ ದಾರಿ ಆರೂಕಾಲು ಮೀಟರಿಗೆ ಇಳಿಯುತ್ತದೆ. ಮಾದರಿ ಹಳಿಯ ಅಗಲ 9 ಮಿ.ಮೀ. ಅದನ್ನು 160ರಿಂದ ಗುಣಿಸಿದರೆ ಬೆಂಗಳೂರು ಮೆಟ್ರೊ ಓಡುವ 1435 ಮಿ.ಮೀ. ಅಗಲಕ್ಕೆ ಬಹಳ ಸಮೀಪ. ನಮ್ಮ ಬ್ರಾಡ್‌ಗೇಜ್ ಹಳಿಯ ಅಗಲ 1676 ಮಿ.ಮೀ. ಅದಕ್ಕೆ ಎಷ್ಟು ಬೇಕು? ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ.

ಪೆಟ್ಟಿಗೆಯ ಮೇಲೆ ಏನು ಕಟ್ಟಬೇಕೆಂಬುದು ನಿಮ್ಮಿಷ್ಟ. ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದ 57 ಸುರಂಗಗಳಲ್ಲಿ ಒಂದನ್ನು ಥರ್ಮೋಕೋಲಿನಲ್ಲಿ ಕೊರೆಯಿರಿ. ಬಣ್ಣ ಹಚ್ಚಿದ ಮರದ ಹೊಟ್ಟು ಕಾಡಾಗುತ್ತದೆ. ಆದರೆ ಘಟ್ಟದ 50ಕ್ಕೆ 1ರ ಏರು ತೋರಿಸಲು ಹಳಿಯನ್ನೇ ಎತ್ತರಿಸಬೇಡಿ. ಒಂದು ಪೆಟ್ಟಿಗೆಯಲ್ಲೇ ಅದು 6.2 ಮಿ.ಮೀ. ಏರಿ, ಪಕ್ಕದ ಪೆಟ್ಟಿಗೆಗೆ ಕೂಡುವುದೇ ಇಲ್ಲ. ಹಳಿ ಮಟ್ಟಸವಾಗಿರಲಿ, ಪಕ್ಕದ ಬೆಟ್ಟ, ಕಣಿವೆಗಳು ಏರಿಳಿಯಲಿ.

ತಂದೆತಾಯಿಯರಿಗೆ ಎರಡು ಮಾತು. ಎಂಜಿನ್, ಹಳಿಗಳು ಅಗ್ಗವಲ್ಲ. ಮೂರು ನಾಲ್ಕು ಮನೆಯವರು ಸೇರಿ ಒಂದೇ ಎಂಜಿನ್ ಕೊಳ್ಳಿ. ಪ್ರತಿ ಮಗುವೂ ತನ್ನ ಪೆಟ್ಟಿಗೆ ತಾನೇ ಮಾಡಲಿ. ಹಳಿಗೆ ಹರಿಯುವುದು 12 ವೋಲ್ಟ್ ಮಾತ್ರ. ಆದರೂ ಗೋಡೆಯ ಪ್ಲಗ್ಗಿನ ಕೆಲಸ ದೊಡ್ಡವರದೇ ಇರಲಿ. ಮಗುವಿನ ಪೆಟ್ಟಿಗೆ ಸೊಟ್ಟಗಾದರೆ ನೀವು ಮಾಡಿಕೊಡಬೇಡಿ, ಅಳತೆಪಟ್ಟಿ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ.

ಹಳಿಯ ಅಗಲ ಊರಿಗೊಂದು ಬಗೆಯಾದರೆ ಏನಾಗುತ್ತದೆಂದು ನಮ್ಮ ದೇಶಕ್ಕೆ ಚೆನ್ನಾಗಿ ಗೊತ್ತು. ಮೀಟರ್‌ಗೇಜ್ ಮುಗಿದು ಬ್ರಾಡ್‌ಗೇಜ್ ಶುರುವಾಗುವ ಕಡೆ ಮೂಟೆಗಳನ್ನೆಲ್ಲ ಇಳಿಸಿ ಇನ್ನೊಂದು ಗಾಡಿಗೆ ಹೇರಬೇಕಿತ್ತು. 1992ರಲ್ಲಿ ಆರಂಭವಾದ ಏಕಗೇಜ್ ಯೋಜನೆ ಈ ತೊಂದರೆ ನೀಗಲೆಂದೇ ಬಂತು. ಪೆಟ್ಟಿಗೆಯೊಳಗೆ ಮಗುವಿಗೆ ಪೂರ್ಣ ಸ್ವಾತಂತ್ರ್ಯ. ಅಂಚಿನಲ್ಲಿ ಮಾತ್ರ ಎಲ್ಲರೂ ಒಪ್ಪಿದ ಅಳತೆ. ಒಬ್ಬನ ಅಂಚು ತಪ್ಪಿದರೆ ಎಲ್ಲರ ರೈಲೂ ನಿಲ್ಲುತ್ತದೆ. ಈ ಪಾಠ ಹೇಳಿಕೊಟ್ಟರೆ ಬರುವುದಕ್ಕಿಂತ ಕೈಯಾರೆ ಮಾಡಿದರೆ ಬೇಗ ಬರುತ್ತದೆ.