ಟ್ರೇಲರ್‌ನಲ್ಲಿ ಭಾರ ಎಲ್ಲಿರಬೇಕು? ಆಟಿಕೆ ಕಾರಿನ ವಿಡಿಯೋ ಅರ್ಧ ಮಾತ್ರ ಹೇಳುತ್ತದೆ

ಓಡುವ ಬೆಲ್ಟಿನ ಮೇಲೆ ಒಂದು ಆಟಿಕೆ ಕಾರು, ಅದರ ಹಿಂದೆ ಪುಟ್ಟ ಟ್ರೇಲರ್. ತೂಕದ ಬಿಲ್ಲೆಗಳು ಮುಂದಿದ್ದಾಗ ಬೆರಳಿನಿಂದ ತಳ್ಳಿದರೂ ಟ್ರೇಲರ್ ಸರಿಯಾಗಿ ನಿಲ್ಲುತ್ತದೆ. ಬಿಲ್ಲೆಗಳನ್ನು ಹಿಂದಕ್ಕೆ ಸರಿಸಿ ತಳ್ಳಿದರೆ ಹಾವಿನಂತೆ ತೂಗಾಡಿ ಕಾರನ್ನೂ ಎಳೆದುಕೊಂಡು ಬೀಳುತ್ತದೆ. ಈ ವಿಡಿಯೋ ನಿಮ್ಮ ಗ್ರೂಪಿಗೂ ಬಂದಿರಬಹುದು. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅದನ್ನು ನೋಡಿ ‘ಹಾಗಾದರೆ ಭಾರವೆಲ್ಲ ಮುಂದಕ್ಕೆ’ ಎಂದುಕೊಂಡರೆ ತಪ್ಪು. ನಮ್ಮ ಕಡೆ ಮೊದಲಿನಿಂದ ಕೇಳಿಬರುವ ‘ಹಿಂದಿಟ್ಟರೆ ಇಂಜಿನ್‌ಗೆ ಭಾರ ಕಡಿಮೆ’ ಎಂಬ ಮಾತೂ ತಪ್ಪೇ.

ಕೊಪ್ಪಳ ಜಿಲ್ಲೆಯಲ್ಲಿ ಈ ಪ್ರಶ್ನೆ ಬರೀ ಕುತೂಹಲದ್ದಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರ್ ನುಗ್ಗುವುದಿಲ್ಲ, ಮಿನಿ ಟ್ರ್ಯಾಕ್ಟರ್ ಬೇಕು. ಅದನ್ನು ದೂರದ ಹೊಲಕ್ಕೆ ಓಡಿಸಿಕೊಂಡು ಹೋದರೆ ಟೈರ್ ಸವೆಯುತ್ತದೆ, ದಿನ ಹಾಳಾಗುತ್ತದೆ. ಆದ್ದರಿಂದ ಭತ್ತ ಹೊರುವ ಟ್ರಾಲಿಗೇ ಹತ್ತಿಸಿ ದೊಡ್ಡ ಟ್ರ್ಯಾಕ್ಟರ್‌ನಿಂದ ಎಳೆಸುವುದು ಸುಲಭವಾಗಿ ಕಾಣುತ್ತದೆ.

ಎರಡು ಚಕ್ರದ ಟ್ರಾಲಿ ಎಂದರೆ ಒಂದು ತಕ್ಕಡಿ. ಅಚ್ಚು ಅದರ ಮಧ್ಯದ ಆಧಾರ. ಭಾರ ಅಚ್ಚಿನ ಹಿಂದಿದ್ದರೆ ಮೂಕಿ ಮೇಲೇಳುತ್ತದೆ, ಕೊಕ್ಕೆಯನ್ನೂ ಎತ್ತುತ್ತದೆ. ಎಳೆಯುವ ಟ್ರ್ಯಾಕ್ಟರ್‌ನ ಹಿಂದಿನ ಚಕ್ರಕ್ಕೆ ನೆಲದ ಹಿಡಿತ ತಪ್ಪುತ್ತದೆ. ಟ್ರ್ಯಾಕ್ಟರ್‌ನ ಬ್ರೇಕ್ ಇರುವುದೂ ಸಾಮಾನ್ಯವಾಗಿ ಅದೇ ಚಕ್ರಗಳಿಗೆ. ಅಂದರೆ ಎಳೆಯುವ ಶಕ್ತಿ, ನಿಲ್ಲಿಸುವ ಶಕ್ತಿ ಎರಡೂ ಒಟ್ಟಿಗೆ ಹೋಗುತ್ತವೆ. ಭಾರ ತೀರಾ ಮುಂದಿದ್ದರೆ ಇದರ ಉಲ್ಟಾ. ಕೊಕ್ಕೆ ಹಿಂದಿನ ಅಚ್ಚಿಗಿಂತ ಹಿಂದಿರುವುದರಿಂದ ಅದನ್ನು ಒತ್ತಿದಷ್ಟೂ ಟ್ರ್ಯಾಕ್ಟರ್‌ನ ಮುಂದಿನ ಚಕ್ರ ಹಗುರಾಗುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೆಟ್ಟಗೇ ಹೋಗುತ್ತದೆ. ಮುಂದೆ ಬಂಪರ್ ಮೇಲೆ ಇಬ್ಬರನ್ನು ಕೂರಿಸಿ ಇದನ್ನು ಸರಿಮಾಡುವವರಿದ್ದಾರೆ. ಬಿದ್ದರೆ ಅವರು ಬೀಳುವುದು ಚಕ್ರದ ದಾರಿಯಲ್ಲೇ.

ಒಂದು ಲೆಕ್ಕ ನೋಡಿ. ಕೊಕ್ಕೆಯಿಂದ ಟ್ರಾಲಿಯ ಅಚ್ಚಿಗೆ 3 ಮೀಟರ್, ಮೇಲಿರುವ ಮಿನಿ ಟ್ರ್ಯಾಕ್ಟರ್ 800 ಕೆಜಿ ಎಂದುಕೊಳ್ಳಿ. ಅದರ ಭಾರಕೇಂದ್ರ ಅಚ್ಚಿನಿಂದ 30 ಸೆಂಟಿಮೀಟರ್ ಮುಂದಿದ್ದರೆ ಕೊಕ್ಕೆಯ ಮೇಲೆ 80 ಕೆಜಿ ಕೂರುತ್ತದೆ. ಅಷ್ಟೇ ಹಿಂದಿದ್ದರೆ 80 ಕೆಜಿ ಮೇಲಕ್ಕೆ ಎತ್ತುತ್ತದೆ. ಒಂದು ಅಡಿಯ ಆಚೀಚೆಗೆ ಇಷ್ಟು. ಸಾಮಾನ್ಯ ಅಳತೆಯೆಂದರೆ, ಟ್ರಾಲಿ ಮತ್ತು ಸರಕಿನ ಒಟ್ಟು ತೂಕದ ಸುಮಾರು ಹತ್ತನೇ ಒಂದು ಭಾಗ ಕೊಕ್ಕೆಯ ಮೇಲಿರಬೇಕು. ಟ್ರಾಲಿ 500 ಕೆಜಿ ಆದರೆ ಒಟ್ಟು 1300, ಕೊಕ್ಕೆಯ ಮೇಲೆ ಸುಮಾರು 130 ಕೆಜಿ. ಇದು ನಿಮ್ಮ ಕೊಕ್ಕೆಗೆ ಕಂಪನಿ ಹೇಳಿದ ಮಿತಿಯೊಳಗಿದೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಟ್ರ್ಯಾಕ್ಟರ್‌ನ ಹೆಚ್ಚಿನ ತೂಕ ಹಿಂದಿನ ಚಕ್ರದ ಕಡೆಗಿರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಹಾಗಾಗಿ ಅದೇ ಜಾಗದಲ್ಲಿ ಮುಖ ಮಾತ್ರ ತಿರುಗಿಸಿ ನಿಲ್ಲಿಸಿದರೂ ಕೊಕ್ಕೆಯ ಭಾರ ಬದಲಾಗುತ್ತದೆ. ಹಿಂದೆ ರೋಟವೇಟರ್ ತೂಗಿದ್ದರೆ ಇನ್ನೂ ಹೆಚ್ಚು. ಗಂಗಾವತಿಯ ಗದ್ದೆ ಕೆಸರಿಗೆಂದು ಟೈರ್‌ಗೆ ನೀರು ತುಂಬಿಸಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ, ಲೀಟರಿಗೆ ಒಂದು ಕೆಜಿ.

ಕಣ್ಣಂದಾಜು ಬೇಡವೆಂದರೆ ಗಂಗಾವತಿಯ ಸುತ್ತ ಅಕ್ಕಿ ಗಿರಣಿಗಳಿಗೆ ಕೊರತೆಯಿಲ್ಲ, ವೇಬ್ರಿಡ್ಜ್‌ಗೂ ಇಲ್ಲ. ಮೊದಲು ಟ್ರಾಲಿಯನ್ನು ಬಿಚ್ಚಿ, ಮೂಕಿಗೆ ಆಸರೆ ಕೊಟ್ಟು ಪೂರ್ತಿ ತೂಗಿಸಿ. ನಂತರ ಕೊಕ್ಕೆಗೆ ಸೇರಿಸಿ, ಟ್ರಾಲಿಯ ಚಕ್ರ ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ತೂಗಿಸಿ. ಎರಡರ ವ್ಯತ್ಯಾಸವೇ ಕೊಕ್ಕೆಯ ಮೇಲಿನ ಭಾರ.

ಇನ್ನು ಯಾವ ಟ್ರಾಲಿ? ನಾಲ್ಕು ಚಕ್ರದ್ದರಲ್ಲಿ ಕೊಕ್ಕೆಗೆ ಭಾರ ಬೀಳುವುದು ಬಹಳ ಕಡಿಮೆ, ಆದರೆ ರಿವರ್ಸ್ ಹಾಕುವುದು ಕಷ್ಟ. ಮಿನಿ ಟ್ರ್ಯಾಕ್ಟರ್‌ಗೆ ತಳ ತಗ್ಗಾಗಿರುವ ಎರಡು ಚಕ್ರದ್ದೇ ವಾಸಿ ಎಂಬುದು ನನ್ನ ಅಭಿಪ್ರಾಯ. ತಳ ಎತ್ತರವಾದಷ್ಟೂ ಕಾಲುವೆ ದಾರಿಯ ಓರೆಯಲ್ಲಿ ಮಗುಚುವ ಭಯ ಹೆಚ್ಚು. ಹೈಡ್ರಾಲಿಕ್ ಟಿಪ್ಪಿಂಗ್ ಟ್ರಾಲಿಯಾದರೆ ಲಾಕ್ ಪಿನ್ ಹಾಕದೆ ಹೊರಡಬೇಡಿ, ಪೆಟ್ಟಿಗೆಯನ್ನು ಓರೆ ಮಾಡಿ ಟ್ರ್ಯಾಕ್ಟರ್ ಹತ್ತಿಸುವ ಸಾಹಸವಂತೂ ಬೇಡವೇ ಬೇಡ. ಟ್ರ್ಯಾಕ್ಟರ್‌ಗೆ ಆರ್‌ಸಿ ಇದ್ದರೆ ಟ್ರಾಲಿಗೆ ಬೇಕಿಲ್ಲ ಎಂಬುದೂ ಸುಳ್ಳು. ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ, ಅದಕ್ಕೂ ನೋಂದಣಿ ಬೇಕು.

ಹತ್ತಿಸುವಾಗಲೇ ಹೆಚ್ಚು ಅಪಾಯ. ಹೊಲದ ಬದುವಿಗೆ ಟ್ರಾಲಿ ಒತ್ತಿ ನಿಲ್ಲಿಸಿ ಸಮತಟ್ಟಾಗಿ ಹತ್ತಿಸುವ ಹಳೆಯ ಉಪಾಯ ಒಳ್ಳೆಯದೇ. ಹಲಗೆ ಬಳಸಿದರೆ ತಳದ ಎತ್ತರದ ನಾಲ್ಕು ಪಟ್ಟಾದರೂ ಉದ್ದವಿರಲಿ, 75 ಸೆಂಟಿಮೀಟರ್ ಎತ್ತರಕ್ಕೆ 3 ಮೀಟರ್. ಟ್ರ್ಯಾಕ್ಟರ್ ಟ್ರಾಲಿಯ ಬಾಲಕ್ಕೆ ಬಂದ ಕ್ಷಣ ಮೂಕಿ ಮೇಲಕ್ಕೆ ಚಿಮ್ಮುತ್ತದೆ, ಅದಕ್ಕೆ ಬಾಲದ ಕೆಳಗೆ ಮರದ ದಿಮ್ಮಿ ಇಡಿ, ಚಕ್ರಗಳಿಗೆ ಕಲ್ಲು ಕೊಡಿ. ರೋಟವೇಟರ್ ಬಿಚ್ಚಿಟ್ಟು ಹತ್ತಿಸಿ. ಬಿಚ್ಚಲಾಗದಿದ್ದರೆ ರಿವರ್ಸ್‌ನಲ್ಲಿ ಹತ್ತಿಸಿ, ಭಾರದ ತುದಿ ಮೇಲ್ಗಡೆ ಇರಲಿ. ಮುಂದಾಗಿ ಹತ್ತಿಸುವಾಗ ಕ್ಲಚ್ ತಟ್ಟನೆ ಬಿಟ್ಟರೆ ಮುಂಭಾಗ ಎದ್ದು ಹಿಂದಕ್ಕೆ ಮಗುಚಲು ಒಂದೂವರೆ ಸೆಕೆಂಡ್ ಸಾಕು. ಜಿಗಿಯಲು ಸಮಯವೇ ಸಿಗುವುದಿಲ್ಲ.

ಮೇಲೆ ಹೋದಮೇಲೆ ಹ್ಯಾಂಡ್‌ಬ್ರೇಕ್, ಗೇರ್ ಎರಡನ್ನೇ ನಂಬಬೇಡಿ. ನಾಲ್ಕೂ ಮೂಲೆಗೆ ಸರಪಳಿ ಅಥವಾ ಗಟ್ಟಿ ಬೆಲ್ಟ್ ಬಿಗಿಯಿರಿ. ಕಟ್ಟುವುದು ಅಚ್ಚಿಗೆ ಅಥವಾ ಚಾಸಿಗೆ, ಸ್ಟೇರಿಂಗ್ ರಾಡಿಗಲ್ಲ. ಪಿಕಪ್ ವಾಹನದಲ್ಲಿ ಒಯ್ಯುವವರಿಗೆ ಇದು ಇನ್ನೂ ಮುಖ್ಯ. ಜೋರು ಬ್ರೇಕ್ ಹಾಕಿದಾಗ ಸರಕು ತನ್ನ ತೂಕದ ಮುಕ್ಕಾಲರಷ್ಟು ಬಲದಿಂದ ಮುಂದಕ್ಕೆ ನುಗ್ಗಬಹುದು, 800 ಕೆಜಿಗೆ 600 ಕೆಜಿ.

ಟ್ರಾಲಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಎಲ್ಲವನ್ನೂ ಮುಂದಿನ ಟ್ರ್ಯಾಕ್ಟರ್ ಒಂದೇ ನಿಲ್ಲಿಸಬೇಕು. ವೇಗ 20ರಿಂದ 40 ಕಿಲೋಮೀಟರ್‌ಗೆ ಏರಿದರೆ ನಿಲ್ಲಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಎಡ-ಬಲ ಬ್ರೇಕ್ ಪೆಡಲ್‌ಗಳನ್ನು ಜೋಡಿಸುವ ಕೊಂಡಿ ಹಾಕದೆ ರಸ್ತೆಗೆ ಇಳಿಯಬೇಡಿ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿದರೆ ಇಂಜಿನ್ನಿನ ತಡೆ ಹೋಗಿ ಟ್ರಾಲಿ ಹಿಂದಿನಿಂದ ತಳ್ಳುತ್ತದೆ. ಹಿಂದೆ ಕೆಂಪು ರಿಫ್ಲೆಕ್ಟರ್ ಇರಲಿ. ಕುಷ್ಟಗಿಯ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ರಾತ್ರಿ ಹಿಂದಿನಿಂದ ಬರುವ ಲಾರಿಗೆ ನೀವು ಕಾಣುವುದು ಅದರಿಂದಲೇ.

ಹೊರಟ ಮೇಲೆ ನಾಲ್ಕೈದು ಕಿಲೋಮೀಟರ್‌ಗೆ ಒಮ್ಮೆ ನಿಲ್ಲಿಸಿ ಸರಪಳಿ ಮುಟ್ಟಿ ನೋಡಿ. ಟೈರ್ ಅದುಮಿ ಕೂತಂತೆ ಮೊದಲ ಬಿಗಿತ ಸಡಿಲಾಗಿರುತ್ತದೆ. ಗಂಗಾವತಿಯಿಂದ ಕುಷ್ಟಗಿಗೆ ಹೊರಟವರು ಕನಕಗಿರಿಯಲ್ಲಿ ಚಹಾಕ್ಕೆ ನಿಂತಾಗ ಇನ್ನೊಮ್ಮೆ ನೋಡಿಕೊಳ್ಳಬಹುದು.