ಕಾಡು, ಕಡಲು ಒಂದೇ ಪ್ರವಾಸದಲ್ಲಿ: ಫಾರ್ವರ್ಡ್‌ಗಳು ಹೇಳುವುದರಲ್ಲಿ ನಿಜವೆಷ್ಟು?

ರಜೆ ಹತ್ತಿರವಾದಂತೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೊ ಹರಿದಾಡತೊಡಗುತ್ತದೆ. ಮರಳ ದಂಡೆಯ ಮೇಲೆ ಆನೆ ನಡೆಯುತ್ತಿರುತ್ತದೆ, ಹಿಂದೆ ನೀಲಿ ಸಮುದ್ರ. ಕೆಳಗೆ "ಬೆಳಿಗ್ಗೆ ಸಫಾರಿ, ಸಂಜೆ ಬೀಚ್" ಎಂಬ ಸಾಲು. ಜೊತೆಗೆ ಪ್ರಾಣಿಗಳು ಉಪ್ಪುನೀರು ಕುಡಿಯಲು ಬರುತ್ತವೆ, ಸುನಾಮಿ ಬರುವುದು ಅವಕ್ಕೆ ಮೊದಲೇ ತಿಳಿಯುತ್ತದೆ ಎಂಬ ವಿವರಣೆ.

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನವರಿಗೆ ಕಡಲು ದೂರದ್ದು. ಎಷ್ಟೋ ಮಂದಿ ಮೊದಲ ಬಾರಿ ಸಮುದ್ರ ಕಾಣುವುದೇ ಪ್ರವಾಸದ ಬಸ್ಸಿನಿಂದ ಇಳಿದಾಗ. ಹಾಗಾಗಿ ಇಂತಹ ಸಂದೇಶಗಳನ್ನು ಒಂದೊಂದಾಗಿ ಪರಿಶೀಲಿಸುವುದು ಒಳ್ಳೆಯದು ಎನಿಸಿತು.

ಸಫಾರಿ ಮತ್ತು ಬೀಚ್ ಒಂದೇ ಕಡೆ ಇವೆಯೇ?

ಇವೆ, ಆದರೆ ಕಡಿಮೆ. ಆಫ್ರಿಕಾದ ತಾಂಜಾನಿಯಾದಲ್ಲಿ ಹಿಂದೂ ಮಹಾಸಾಗರದ ದಂಡೆಗೇ ಅಂಟಿಕೊಂಡಿರುವ ಸಾದಾನಿ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ಆನೆ, ಜಿರಾಫೆ, ಸಿಂಹಗಳಿವೆ, ಕಡಲಾಮೆಗಳು ಮರಳಿನಲ್ಲಿ ಮೊಟ್ಟೆಯಿಡುತ್ತವೆ. ನಮಗೆ ಹತ್ತಿರದ್ದು ಶ್ರೀಲಂಕಾದ ಯಾಲ. ಚಿರತೆ, ಆನೆ, ಕರಡಿ ನೋಡುತ್ತ ಜೀಪಿನಲ್ಲಿ ಹೋದರೆ ದಾರಿ ಪಟನಂಗಲ ಎಂಬ ಕಡಲತೀರ ತಲುಪುತ್ತದೆ.

ಕರ್ನಾಟಕದ ಕರಾವಳಿಯಲ್ಲಿ ಹುಲಿ, ಆನೆಗಳ ಸಫಾರಿಯೂ ಬೀಚೂ ಒಂದೇ ಉದ್ಯಾನದೊಳಗೆ ಇಲ್ಲ. ಉತ್ತರ ಕನ್ನಡದಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸಫಾರಿ ಘಟ್ಟದ ಮೇಲಿದೆ, ಕಾರವಾರದ ಬೀಚ್ ಘಟ್ಟದ ಕೆಳಗಿದೆ. ಮಂಗಳೂರಿನಲ್ಲಿ ಪಿಲಿಕುಳ ಮೃಗಾಲಯ ಒಂದು ಕಡೆ, ಪಣಂಬೂರು ಬೀಚ್ ಇನ್ನೊಂದು ಕಡೆ. ಪ್ಯಾಕೇಜ್ ಜಾಹೀರಾತಿನಲ್ಲಿ ಎರಡನ್ನೂ ಒಂದೇ ಚಿತ್ರದಲ್ಲಿ ತೋರಿಸಿದ್ದರೆ, ನಡುವಿನ ಪ್ರಯಾಣ ಎಷ್ಟು ಗಂಟೆಯದು ಎಂದು ಮೊದಲು ಕೇಳಿ.

ಎಲ್ಲ ಸಫಾರಿಗಳೂ ಒಂದೇ ಬಗೆಯವೇ?

ಅಲ್ಲ. ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ. ಹಂಪಿ ಬಳಿಯ ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿ ಸಂಗ್ರಹಾಲಯದಲ್ಲಿ ಹುಲಿ ಮತ್ತು ಸಿಂಹದ ಸಫಾರಿ ಇದೆ. ಅಲ್ಲಿನ ಪ್ರಾಣಿಗಳು ಎತ್ತರದ ಬೇಲಿಯೊಳಗಿವೆ. ಅವಕ್ಕೆ ಆಹಾರ ಕೊಡುವವರಿದ್ದಾರೆ, ವೈದ್ಯರಿದ್ದಾರೆ.

ಅದೇ ಸೀಮೆಯ ದರೋಜಿ ಕರಡಿಧಾಮದ ಕತೆ ಬೇರೆ. 1994ರಲ್ಲಿ ಘೋಷಣೆಯಾದ ಈ ಧಾಮದ ಕರಡಿಗಳು ಸ್ವತಂತ್ರವಾಗಿ ಬದುಕುತ್ತವೆ. ವೀಕ್ಷಣಾ ಗೋಪುರದೆದುರಿನ ಬಂಡೆಗಳಿಗೆ ಸಿಬ್ಬಂದಿ ಬೆಲ್ಲದಂತಹ ಸಿಹಿ ಸವರುವುದರಿಂದ ಮಧ್ಯಾಹ್ನದ ಮೇಲೆ ಅವು ಇಳಿದು ಬರುತ್ತವೆ. ಆ ವಿಡಿಯೊ ನೋಡಿದವರಿಗೆ ಕರಡಿ ಸಾಧುಪ್ರಾಣಿ ಅನ್ನಿಸಬಹುದು. ಆದರೆ ಗೋಪುರಕ್ಕೂ ಬಂಡೆಗೂ ನಡುವೆ ಇರುವ ದೂರವೇ ಅಲ್ಲಿನ ರಕ್ಷಣೆ. ಕರಡಿಗೆ ದೃಷ್ಟಿ ಮಂದ. ಗೆದ್ದಲು ಅಗೆಯುವುದರಲ್ಲಿ ಮುಳುಗಿದ್ದಾಗ ಹತ್ತಿರ ಬಂದವರು ತಟ್ಟನೆ ಕಂಡರೆ ಓಡುವ ಬದಲು ಮೈಮೇಲೆ ಬೀಳುತ್ತದೆ. ಬಂಡೆಗುಡ್ಡಗಳ ಅಂಚಿನ ಹೊಲಗಳಲ್ಲಿ ಕರಡಿ ದಾಳಿಯಾದ ಸುದ್ದಿ ಈ ಭಾಗದವರಿಗೆ ಹೊಸದಲ್ಲ. ಯಾಲದಲ್ಲಿರುವುದೂ ಇದೇ ಜಾತಿಯ ಕರಡಿ. ಹಿನ್ನೆಲೆಯಲ್ಲಿ ಸಮುದ್ರವಿದೆ ಎಂದು ಅದರ ಸ್ವಭಾವ ಬದಲಾಗುವುದಿಲ್ಲ.

ಪ್ರಾಣಿಗಳು ಸಮುದ್ರದ ನೀರು ಕುಡಿಯುತ್ತವೆಯೇ?

ಇದು ಅರ್ಧ ಸತ್ಯ. ಸೊಪ್ಪು, ಹುಲ್ಲಿನಲ್ಲಿ ಸೋಡಿಯಂ ಕಡಿಮೆ. ಆದ್ದರಿಂದ ಸಸ್ಯಾಹಾರಿ ಪ್ರಾಣಿಗಳಿಗೆ ಉಪ್ಪಿನ ಬಯಕೆ ಇರುವುದು ನಿಜ. ನಮ್ಮ ರೈತರು ಎತ್ತು, ಎಮ್ಮೆಗಳ ಮೇವಿಗೆ ಉಪ್ಪು ಬೆರೆಸುವುದೂ ಇದಕ್ಕೇ. ಕಾಡಿನಲ್ಲಿ ಆನೆ, ಜಿಂಕೆಗಳು ಉಪ್ಪಿನಂಶದ ಮಣ್ಣು ನೆಕ್ಕುತ್ತವೆ.

ಆದರೆ ಬಾಯಾರಿಕೆಗೆ ಸಮುದ್ರದ ನೀರು ಆಗದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಅಂದರೆ ಹೆಚ್ಚುಕಡಿಮೆ ಆರು ಚಹಾ ಚಮಚ. ನಮ್ಮ ಮೂತ್ರಪಿಂಡ ಅಷ್ಟು ಉಪ್ಪಿನ ಮೂತ್ರ ತಯಾರಿಸಲಾರದು. ಆ ಉಪ್ಪನ್ನು ಹೊರಹಾಕಲು ಕುಡಿದದ್ದಕ್ಕಿಂತ ಹೆಚ್ಚು ನೀರು ದೇಹದಿಂದ ಖರ್ಚಾಗುತ್ತದೆ, ಬಾಯಾರಿಕೆ ಇನ್ನೂ ಹೆಚ್ಚುತ್ತದೆ. ಆನೆ, ಜಿಂಕೆ, ಚಿರತೆಗಳೂ ಕುಡಿಯಲು ಸಿಹಿನೀರನ್ನೇ ನಂಬಿವೆ. ಕಡಲಿಗೆ ಅಂಟಿಕೊಂಡಿರುವ ಯಾಲದಲ್ಲೇ ಬರದ ದಿನಗಳಲ್ಲಿ ಹೊಂಡಗಳು ಬತ್ತಿ, ಸೆಪ್ಟೆಂಬರ್ ಸುಮಾರಿಗೆ ಮುಖ್ಯ ಭಾಗವನ್ನು ಪ್ರವಾಸಿಗರಿಗೆ ಮುಚ್ಚುವುದುಂಟು.

ಸುನಾಮಿ ಪ್ರಾಣಿಗಳಿಗೆ ಮೊದಲೇ ತಿಳಿಯುತ್ತದೆಯೇ?

ಈ ನಂಬಿಕೆ ಜಗತ್ತಿನಾದ್ಯಂತ ಹಬ್ಬಿದ್ದಕ್ಕೆ ಯಾಲವೂ ಒಂದು ಕಾರಣ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಲ್ಲಿ ಪ್ರವಾಸಿಗರು ಸತ್ತರು. ಪಟನಂಗಲದಲ್ಲಿ ಈಗ ಅವರ ಸ್ಮಾರಕವಿದೆ. ಆದರೆ ದೊಡ್ಡ ಪ್ರಾಣಿಗಳ ಹೆಣ ಹೆಚ್ಚು ಕಾಣಲಿಲ್ಲ ಎಂಬ ವರದಿಗಳು ಬಂದವು. ಅಲ್ಲಿಂದ "ಆರನೇ ಇಂದ್ರಿಯ"ದ ಕತೆ ಹುಟ್ಟಿತು.

ಆ ದಿನ ಆ ಪ್ರದೇಶದ ಕೆಲವು ಆನೆಗಳ ಕೊರಳಿನಲ್ಲಿ ಉಪಗ್ರಹ ಕಾಲರ್ ಇತ್ತು. ಅವುಗಳ ಚಲನೆಯನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆನೆಗಳು ಅಲೆ ಬರುವ ಮೊದಲೇ ಓಡಿದವು ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಆನೆಗಳ ಸಂಖ್ಯೆ ಚಿಕ್ಕದಾದ್ದರಿಂದ ಇದೇ ಕೊನೆಯ ಮಾತಲ್ಲ. ಆದರೂ ಕತೆಗಿಂತ ದಾಖಲೆಗೆ ತೂಕ ಹೆಚ್ಚು. ಹೆಣಗಳು ಕಡಿಮೆ ಇದ್ದುದಕ್ಕೆ ಸರಳ ಕಾರಣಗಳೂ ಇವೆ. ಎತ್ತರದ ಮರಳು ದಿಬ್ಬಗಳಿದ್ದ ಕಡೆ ನೀರು ತಡೆಯಿತು, ತೆರಪಿದ್ದ ಕಡೆಯಷ್ಟೇ ಒಳನುಗ್ಗಿತು. ಕಾಡುಪ್ರಾಣಿಗಳು ದಿನದ ಬಹುಪಾಲು ದಂಡೆಯಲ್ಲಿ ಇರುವುದೂ ಇಲ್ಲ.

ಅದೇ ದಿನ ಥಾಯ್ಲೆಂಡ್‌ನ ಫುಕೆಟ್‌ನಲ್ಲಿ ಟಿಲ್ಲಿ ಸ್ಮಿತ್ ಎಂಬ 10 ವರ್ಷದ ಬ್ರಿಟಿಷ್ ಬಾಲಕಿ ಶಾಲೆಯ ಭೂಗೋಳ ಪಾಠ ನೆನೆದು, ನೀರಿನ ವರ್ತನೆ ಸರಿಯಿಲ್ಲ ಎಂದು ಎಚ್ಚರಿಸಿದ್ದರಿಂದ ಇಡೀ ಬೀಚ್ ಖಾಲಿಯಾಗಿ ಜನ ಉಳಿದರು. ಭಾರತಕ್ಕೆ 2007ರಿಂದ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರವಿದೆ. ದಂಡೆಯಲ್ಲಿದ್ದಾಗ ಬಲವಾದ ಭೂಕಂಪ ಅನುಭವಕ್ಕೆ ಬಂದರೆ ಅಥವಾ ನೀರು ಒಮ್ಮೆಲೇ ದೂರ ಸರಿದರೆ ನಾಯಿ, ಹಕ್ಕಿ ಏನು ಮಾಡುತ್ತಿವೆ ಎಂದು ನೋಡುತ್ತ ನಿಲ್ಲಬೇಡಿ. ಎತ್ತರದ ಜಾಗಕ್ಕೆ ಹೋಗಿ.

ಹೊಳೆಯಲ್ಲಿ ಈಜು ಬಂದರೆ ಸಮುದ್ರ ಸಲೀಸೇ?

ಫಾರ್ವರ್ಡ್‌ಗಳಲ್ಲಿ ಈ ಪ್ರಶ್ನೆ ಕಾಣುವುದೇ ಇಲ್ಲ. ಆದರೆ ಸುನಾಮಿ ಅಪರೂಪ, ಬೀಚಿನಲ್ಲಿ ಮುಳುಗಿ ಸಾಯುವುದು ಅಪರೂಪವಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಬಾಲಕಿಯರು ಕಡಲಿನಲ್ಲಿ ಮುಳುಗಿ ಸತ್ತರು. ಅವರೂ ಒಳನಾಡಿನ ಮಕ್ಕಳೇ.

ತುಂಗಭದ್ರೆಯ ಹೊಳೆಯಲ್ಲೋ ಕಾಲುವೆಯಲ್ಲೋ ಈಜು ಕಲಿತವರಿಗೆ ಸೆಳೆತ ಒಂದೇ ದಿಕ್ಕಿಗೆ ಎಂಬುದು ರೂಢಿ. ಸಮುದ್ರದಲ್ಲಿ ಅಲೆ ದಡಕ್ಕೆ ತಂದ ನೀರು ಕೆಲವೆಡೆ ಕಿರಿದಾದ ಹರಿವಾಗಿ ಹಿಂದಕ್ಕೆ ಓಡುತ್ತದೆ. ಇದರ ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಒಳ್ಳೆಯ ಈಜುಗಾರರೂ ಅದರ ವಿರುದ್ಧ ಈಜಲಾರರು. ಮೋಸದ ಸಂಗತಿಯೆಂದರೆ, ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆಯಾದ್ದರಿಂದ ಅದೇ ಶಾಂತವಾಗಿ ಕಾಣುತ್ತದೆ. ಮಕ್ಕಳನ್ನು ಅಲ್ಲೇ ಇಳಿಸುತ್ತೇವೆ.

ಸಿಕ್ಕಿಕೊಂಡರೆ ದಡದತ್ತ ನೇರವಾಗಿ ಈಜಿ ಸುಸ್ತಾಗಬೇಡಿ. ಈ ಹರಿವು ಹೊರಗೆ ಒಯ್ಯುತ್ತದೆಯೇ ಹೊರತು ತಳಕ್ಕೆ ಎಳೆಯುವುದಿಲ್ಲ. ತೇಲುತ್ತ ಕೈ ಬೀಸಿ ಸಹಾಯ ಕೇಳಿ. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಹರಿವಿನಿಂದ ಹೊರಬಂದು, ಆಮೇಲೆ ದಡದ ಕಡೆ ತಿರುಗಿ. ದಡದಲ್ಲಿದ್ದವರು ಹಿಂದೆಯೇ ಧುಮುಕದೆ ಹಗ್ಗ, ಖಾಲಿ ಕ್ಯಾನ್, ತೇಲುವ ಏನನ್ನಾದರೂ ಎಸೆಯಿರಿ. ಜೀವರಕ್ಷಕರಿಲ್ಲದ ಕಡೆ, ಕೆಂಪು ಬಾವುಟವಿದ್ದಾಗ, ಮಳೆಗಾಲದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯಲೇಬೇಡಿ.

ಆನೆ ಮತ್ತು ಕಡಲಿನ ವಿಡಿಯೊವನ್ನು ನೋಡಿ ಸಂತೋಷಪಡಲು ಅಡ್ಡಿಯಿಲ್ಲ. ನಿಮ್ಮ ಊರಿನಿಂದ ಶಾಲಾ ಪ್ರವಾಸ ಹೊರಡುತ್ತಿದ್ದರೆ ಅದರ ಜೊತೆಗೆ ಮೇಲಿನ ಪ್ಯಾರಾವನ್ನೂ ಪಾಲಕರ ಗುಂಪಿಗೆ ಕಳಿಸಿ.